ಉಂಡ ಮ್ಯಾಲೆ ಬರ್ತೇನಿ

2022ರ ಮೇ 16ಕ್ಕೆ ರಾಜ್ಯದ ಶಾಲೆಗಳು ಬಾಗಿಲು ತೆರೆದವು. ಕೊರೊನಾ ನುಂಗಿದ ಎರಡು ವರ್ಷದ ಓದನ್ನು ತುಂಬಿಕೊಡಬೇಕೆಂದು ಆ ವರ್ಷಕ್ಕೆ ‘ಕಲಿಕಾ ಚೇತರಿಕೆ’ ಎಂದು ಹೆಸರಿಟ್ಟು, ಎಂದಿಗಿಂತ ಹದಿನೈದು ದಿನ ಮುಂಚೆಯೇ ಮಕ್ಕಳನ್ನು ಕರೆದಿದ್ದರು. ಮೊದಲ ಹದಿನಾಲ್ಕು ದಿನ ‘ಮಳೆಬಿಲ್ಲು’ ಎಂಬ ಕಾರ್ಯಕ್ರಮ. ಪುಸ್ತಕದ ಮಾತಿಲ್ಲ, ಆಟ, ಹಾಡು, ಕತೆ, ಚಿತ್ರ ಇಷ್ಟೇ. ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಕೈಗೆ ಹೂವು ಕೊಟ್ಟು, ಬಾಯಿಗೆ ಸಿಹಿ ಹಾಕಿ ಮಕ್ಕಳನ್ನು ಒಳಗೆ ಕರೆದುಕೊಂಡರು. ಮಾಡಿದವರು ಮನಸ್ಸಿಟ್ಟೇ ಮಾಡಿದ್ದರು. ನನ್ನ ಮಗ ಆ ಸಿಹಿಯನ್ನು ಹೊಸ ಅಂಗಿಯ ಮೇಲೆ ಕಾರಿಕೊಂಡ.

ಅಲ್ಲಿಂದ ದೀಪಾವಳಿಯ ತನಕ ಅವನೂ ನಾವೂ ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಶಾಲೆಗೆ ಹೋಗಲು ಅಳುವ ಮಗುವಿನ ವಿಷಯ ಬರೆಯುವಂಥದ್ದೇನು ಎಂದು ಕೇಳುವವರಿದ್ದಾರೆ. ನಾನು ಪಿಯುಸಿ ತನಕ ಓದಿದವಳು, ಹೊಲಮನೆ ಮಾಡಿಕೊಂಡಿರುವವಳು. ಆ ಆರು ತಿಂಗಳಲ್ಲಿ ನನ್ನ ಮಗನನ್ನು ಕಳೆದುಕೊಂಡೇಬಿಡುತ್ತೇನೇನೋ ಎಂದು ನಡುಗಿದ ದಿನಗಳಿದ್ದವು. ಊರವರೆಲ್ಲ ಅದನ್ನು ಹಟ ಅಂದರು. ಅದು ಹಟ ಆಗಿರಲಿಲ್ಲ.

ನಮ್ಮದು ಗದಗ ತಾಲ್ಲೂಕಿನ ಹರ್ತಿ. ಎರಿ ಹೊಲದ ಊರು. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಸುತ್ತಮುತ್ತ ಬಸವಣ್ಣನ ಗುಡಿಯಿಂದಲೇ ಊರಿಗೆ ಹೆಸರು. ಮಗ ಹುಟ್ಟಿದ್ದು 2016ರ ಸೆಪ್ಟೆಂಬರಿನಲ್ಲಿ. ಅಂಗನವಾಡಿಗೆ ಹೋಗಿ ರೂಢಿಯಾಗುವ ಹೊತ್ತಿಗೆ 2020ರ ಮಾರ್ಚಿ ಬಂತು, ಬಾಗಿಲು ಮುಚ್ಚಿತು. ಟೀಚರು ಕಾಳುಬೇಳೆ, ಬೆಲ್ಲದ ಪೊಟ್ಟಣ ಮನೆಗೇ ಮುಟ್ಟಿಸುತ್ತಿದ್ದರು. ಪೊಟ್ಟಣ ಮನೆಗೆ ಬಂತು, ಅಂಗನವಾಡಿ ಬರಲಿಲ್ಲ. ಮತ್ತೆ ತೆರೆದದ್ದು 2021ರ ನವೆಂಬರ್ 8ಕ್ಕೆ. ಅಷ್ಟರಲ್ಲಿ ಅವನಿಗೆ ಐದು ದಾಟಿತ್ತು. ಮೂರೂವರೆಯಿಂದ ಐದರ ತನಕ ಅವನು ನನ್ನ, ಅವರಪ್ಪನ, ಆಯಿಯ ಕೈ ಬಿಟ್ಟು ಇದ್ದವನೇ ಅಲ್ಲ. ನನ್ನ ಅತ್ತೆಗೆ ಅವನು ಆಯಿ ಅನ್ನುತ್ತಿದ್ದ. ಆಕೆ 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ಗದಗದ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಅಂಗನವಾಡಿಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಬೋರ್ಡಿಯಲ್ಲಿ ಬಾಲವಾಡಿ ಶುರುಮಾಡಿದಾಗ ಬಡವರ ಮಕ್ಕಳು ಬರಲಿಲ್ಲವಂತೆ. ಆಗ ಅವರು ಬಾಲವಾಡಿಯನ್ನೇ ಆ ಮಕ್ಕಳ ಕೇರಿಗೆ, ಮನೆಯ ಮುಂದಿನ ಅಂಗಳಕ್ಕೆ ಒಯ್ದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಐಸಿಡಿಎಸ್ ಯೋಜನೆ ತಂದಾಗ ಊರೂರಿನ ಅಂಗನವಾಡಿಗೆ ಬುನಾದಿಯಾದದ್ದು ಇಂಥ ಯೋಚನೆಯೇ. ಮಗು ಶಾಲೆಯತ್ತ ನಡೆಯುವ ಮೊದಲು ಶಾಲೆ ಮಗುವಿನತ್ತ ನಾಲ್ಕು ಹೆಜ್ಜೆ ಬರುತ್ತದೆ. ತಾಯಿ ಓಣಿಯಲ್ಲೇ ಇರುತ್ತಾಳೆ, ಟೀಚರು ಪರಿಚಯದವಳೇ ಇರುತ್ತಾಳೆ, ಅತ್ತರೆ ಯಾರಾದರೂ ಕೂಗಿ ಹೇಳುತ್ತಾರೆ. ಆ ನಾಲ್ಕು ಹೆಜ್ಜೆ ನಮ್ಮ ಮಗನ ಓರಗೆಯ ಮಕ್ಕಳಿಗೆ ಸಿಗಲಿಲ್ಲ. ಅವರು ಅವ್ವನ ಸೆರಗಿನಿಂದ ನೇರ ಒಂದನೇತ್ತೆಗೆ ಬಿದ್ದರು.

ಮೊದಲ ವಾರ ಎಲ್ಲ ಮಕ್ಕಳೂ ಅತ್ತವು. ಎರಡನೇ ವಾರ ಅರ್ಧ ಮಕ್ಕಳು. ಜೂನ್ ಮುಗಿಯುತ್ತ ಬಂದರೂ ನನ್ನ ಮಗ ಅಳುತ್ತಿದ್ದ. ಬೆಳಿಗ್ಗೆ ಎದ್ದ ಕೂಡಲೇ ಅವನ ಮೊದಲ ಮಾತು, ‘ಇವತ್ತ ಸಾಲಿ ಐತೇನು?’ ಐತಿ ಅಂದರೆ ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಿದ್ದ. ರೊಟ್ಟಿ ಇಳಿಯುತ್ತಿರಲಿಲ್ಲ, ಇಳಿದರೆ ದಾರಿಯಲ್ಲಿ ವಾಂತಿ. ಗೇಟಿನ ಹತ್ತಿರ ಬರುತ್ತಿದ್ದಂತೆ ನನ್ನ ಸೀರೆಯ ನಿರಿಗೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿಯುತ್ತಿದ್ದ. ಒಂದೊಂದೇ ಬೆರಳು ಬಿಡಿಸಬೇಕಾಗಿತ್ತು, ಈ ಕೈ ಬಿಡಿಸುವಷ್ಟರಲ್ಲಿ ಆ ಕೈ ಹಿಡಿದಿರುತ್ತಿತ್ತು. ಅಷ್ಟು ಸಣ್ಣ ಬೆರಳುಗಳಲ್ಲಿ ಅಷ್ಟು ಬಲ ಎಲ್ಲಿಂದ ಬರುತ್ತದೋ. ಮನೆಗೆ ಬಂದು ನೋಡಿಕೊಂಡರೆ ಮೊಣಕಾಲ ಮೇಲೆ ಉಗುರಿನ ಗುರುತು.

ಹೊಟ್ಟೆನೋವಿಗೆಂದು ಗದಗಿಗೆ ಒಯ್ದು ಡಾಕ್ಟರಿಗೆ ತೋರಿಸಿದೆವು. ಅವರು ಹೊಟ್ಟೆ ಒತ್ತಿ ನೋಡಿ, ರವಿವಾರ ನೋಯುತ್ತದೇನು ಎಂದು ಕೇಳಿದರು. ಇಲ್ಲ ಅಂದೆ. ಹೊಟ್ಟೆಯಲ್ಲಿ ರೋಗವಿಲ್ಲ, ಆದರೆ ಅವನು ಸುಳ್ಳು ಹೇಳುತ್ತಿಲ್ಲ, ನೋವು ಖರೇನೇ ಆಗುತ್ತದೆ, ಹೆದರಿಕೆ ಸಣ್ಣ ಮಕ್ಕಳಿಗೆ ಮೊದಲು ಹತ್ತುವುದು ಹೊಟ್ಟೆಗೆ ಅಂದರು. ಅಷ್ಟು ದಿನಗಳಲ್ಲಿ ನನ್ನ ಮಗನನ್ನು ನಂಬಿದ ಮೊದಲ ದೊಡ್ಡ ಮನುಷ್ಯ ಆ ಡಾಕ್ಟರು.

ಉಳಿದವರ ಸಲಹೆಗಳಿಗೇನು ಕಡಿಮೆ. ಎರಡು ಬಿಗಿ, ತಾನ ದಾರಿಗೆ ಬರ್ತಾನ ಅಂದವರಿದ್ದರು. ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದೆವು. ನನ್ನ ದೊಡ್ಡವ್ವ ಶಿರಹಟ್ಟಿಗೆ ಒಯ್ದು ಫಕೀರೇಶ್ವರ ಮಠದಲ್ಲಿ ಕಾಯಿ ಒಡೆಸಿಕೊಂಡು ಬಂದಳು. ಅದರಿಂದ ಅವನಿಗೆ ಏನಾಯಿತೋ, ನನಗಂತೂ ಒಂದು ದಿನದ ಮಟ್ಟಿಗೆ ಧೈರ್ಯ ಬಂತು. ದೊಡ್ಡವ್ವ ದಾರಿಯುದ್ದಕ್ಕೂ ಅವನನ್ನು ಬಗಲಲ್ಲಿಟ್ಟುಕೊಂಡು ಒಂದೂ ಬಿರುಮಾತು ಆಡದೆ ಇದ್ದಳು, ಅದಕ್ಕೇ ಪುಣ್ಯ ಬರಬೇಕು.

ನನಗೆ ಸಿಟ್ಟು ಬರುವುದು ಬೇರೆ ಒಂದು ರೂಢಿಯ ಮೇಲೆ. ನಮ್ಮ ಕಡೆ ಮಗು ಎರಡು ವರ್ಷದ್ದಿರುವಾಗಲೇ, ಉಣ್ಣಲಿಲ್ಲ ಅಂದರೆ, ಮಣ್ಣಾಡಿದರೆ, ‘ತಡಿ, ಸಾಲಿಗೆ ಹಾಕ್ತೇನಿ, ಅಕ್ಕೋರು ಬಡೀತಾರ’ ಅನ್ನುತ್ತಾರೆ. ಪೊಲೀಸರು, ಗುಮ್ಮ, ಅಕ್ಕೋರು, ಮೂವರೂ ಒಂದೇ ಸಾಲಿನಲ್ಲಿ. ಮೂರು ವರ್ಷ ಹೀಗೆ ಹೆದರಿಸಿ, ಒಂದು ದಿನ ತಲೆಗೆ ಎಣ್ಣೆ ಹಚ್ಚಿ, ಹೊಸ ಅಂಗಿ ತೊಡಿಸಿ, ನಡಿ ಸಾಲಿಗೆ ಅಂದರೆ ಮಗು ಏನು ತಿಳಿದುಕೊಳ್ಳಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮನೆಯವರ ನಾಲಗೆಗೆ ಕಾಯ್ದೆ ಇಲ್ಲ. ಅಕ್ಕೋರು ಕೋಲು ಮುಟ್ಟದಿದ್ದರೂ ಮಕ್ಕಳ ಕಣ್ಣಲ್ಲಿ ಅವರ ಕೈಯಲ್ಲಿ ಕೋಲಿರುತ್ತದೆ, ಅದನ್ನು ಇಟ್ಟವರು ನಾವು.

ಜೂನ್ ಕೊನೆಗೆ ಕಳೆ ತೆಗೆಯುವ ಕೆಲಸ ಮೈಮೇಲೆ ಬಂತು. ಶಾಲೆಯ ಬಾಗಿಲಲ್ಲಿ ತಾಸುಗಟ್ಟಲೆ ನಿಲ್ಲುವ ಹಾಗಿರಲಿಲ್ಲ. ಪಟ್ಟಣದ ತಾಯಂದಿರಿಗೆ ಹೇಳುವಂತೆ ಒಂದು ವಾರ ರಜೆ ಹಾಕಿ ಮಗುವಿನ ಜೊತೆ ಇರಿ ಎಂದು ಹೊಲಕ್ಕೆ ಹೋಗುವವಳಿಗೆ ಯಾರು ಹೇಳಬೇಕು, ಯಾರಿಗೆ ರಜೆ ಕೇಳಬೇಕು? ಆಗ ಎಲ್ಲರೂ ಕೊಟ್ಟ ಉಪಾಯ ಒಂದೇ: ಕಣ್ಣು ತಪ್ಪಿಸಿ ಬಂದುಬಿಡು. ಒಂದು ದಿನ ಹಾಗೇ ಆಯಿತು. ನಮ್ಮ ಓಣಿಯ ಹಿರಿಯಾಕೆಯೊಬ್ಬಳು ಅವನನ್ನು ಎತ್ತಿಕೊಂಡು, ಅಗೋ ಅಲ್ಲಿ ನೋಡು, ಗುಡ್ಡದ ಮ್ಯಾಲೆ ಫ್ಯಾನ್ ತಿರಗಾಕತ್ತಾವ ಎಂದು ಕಪ್ಪತಗುಡ್ಡದ ಗಾಳಿಯಂತ್ರಗಳ ಕಡೆ ಮುಖ ತಿರುಗಿಸಿದಳು. ನನಗೆ ಕೈಸನ್ನೆ ಮಾಡಿದಳು. ನಾನು ಗೇಟು ದಾಟಿದೆ. ಹಿಂದಿನಿಂದ ಬಂದ ಕೂಗು ಬರೀ ಅಳುವಾಗಿರಲಿಲ್ಲ. ಕಾಲಿಗೆ ಹಾವು ಸುತ್ತಿದಾಗ ಮನುಷ್ಯರು ಹಾಗೆ ಕೂಗುತ್ತಾರೆ.

ಆ ಸಂಜೆಯಿಂದ ಅವನು ಮನೆಯಲ್ಲೂ ನನ್ನನ್ನು ಬಿಡಲಿಲ್ಲ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕೂತು ‘ಅವ್ವಾ, ಅದಿಯೇನು?’ ಎಂದು ಕೇಳುತ್ತಿದ್ದ. ಓ ಅನ್ನಬೇಕು, ಮತ್ತೆ ಕೇಳಿದರೆ ಮತ್ತೆ ಓ ಅನ್ನಬೇಕು. ನಡುರಾತ್ರಿ ಎದ್ದು ನನ್ನ ಮುಖವನ್ನು ಕೈಯಿಂದ ತಡಕಿ ನೋಡುತ್ತಿದ್ದ. ಕಪ್ಪತಗುಡ್ಡದ ಕಡೆ ಮಾತ್ರ ಯಾರು ಏನು ತೋರಿಸಿದರೂ ತಿರುಗುತ್ತಿರಲಿಲ್ಲ.

ಜುಲೈಯಲ್ಲಿ ಅಳು ನಿಂತಿತು.

ಎಲ್ಲರಿಗೂ ಸಂತೋಷವಾಯಿತು. ಈಗ ಶಾಣ್ಯಾ ಆದ, ಹೊಂದಿಕೊಂಡ ಅಂದರು. ನಾನೂ ದೇವರಿಗೆ ಕೈಮುಗಿದೆ. ಆದರೆ ನಾಲ್ಕೇ ದಿನಕ್ಕೆ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಸಂಜೆ ಕರೆಯಲು ಹೋದರೆ ಉಳಿದ ಮಕ್ಕಳು ಓಡಿ ಬರುತ್ತಿದ್ದವು, ಇವನು ಗೋಡೆಗೆ ಒರಗಿ ನಿಂತೇ ಇರುತ್ತಿದ್ದ. ಹತ್ತಿರ ಹೋಗಿ ಕೈ ಹಿಡಿದರೆ ಬರುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಹಸಿವು ಅನ್ನುತ್ತಿರಲಿಲ್ಲ. ಗೋಲಿ ಡಬ್ಬಿ ಮಂಚದ ಕೆಳಗೆ ದೂಳು ತಿಂದಿತು. ಎರಡು ವರ್ಷದ ಹಿಂದೆ ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಯಿತು. ಶಾಲೆಯಲ್ಲಿ ಅವನು ಇಡೀ ದಿನ ಮೂತ್ರಕ್ಕೆ ಹೋಗುವುದಿಲ್ಲ ಎಂದು ತಿಳಿದದ್ದೂ ಆಗಲೇ. ಅಲ್ಲಿನ ಬಾಗಿಲ ಚಿಲಕ ಅವನ ಕೈಗೆ ಎಟುಕುತ್ತಿರಲಿಲ್ಲ. ಬಾಗಿಲು ತೆರೆದಿಟ್ಟು ಕೂರಲು ನಾಚಿಕೆ, ಹಾಕಿಕೊಂಡರೆ ತೆಗೆಯಲು ಬರುವುದಿಲ್ಲ ಎಂಬ ಹೆದರಿಕೆ. ನೀರು ಕುಡಿದರೆ ಹೋಗಬೇಕಾಗುತ್ತದೆ ಎಂದು ನೀರನ್ನೇ ಬಿಟ್ಟಿದ್ದ. ಐದು ವರ್ಷದ ಮಗು ಇಷ್ಟೆಲ್ಲ ಲೆಕ್ಕ ಹಾಕಿ, ಯಾರಿಗೂ ಹೇಳದೆ, ದಿನ ದೂಡುತ್ತಿತ್ತು.

ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದ ನನ್ನ ತಂಗಿ ಊರಿಗೆ ಬಂದಾಗ ಅವನನ್ನು ನೋಡಿ ಸುಮ್ಮನಾದಳು. ಆಮೇಲೆ ನನ್ನನ್ನು ಕೂಡಿಸಿಕೊಂಡು ಒಂದು ವಿಷಯ ಹೇಳಿದಳು. 1952ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು ಒಂದು ಸಿನಿಮಾ ತೆಗೆದರು. ಎರಡು ವರ್ಷದ ಹುಡುಗಿಯೊಬ್ಬಳು ಸಣ್ಣ ಆಪರೇಷನ್ನಿಗೆಂದು ಎಂಟು ದಿನ ಆಸ್ಪತ್ರೆಯಲ್ಲಿರುತ್ತಾಳೆ, ಅಷ್ಟೇ. ಆಗ ಅಲ್ಲಿ ತಾಯಂದಿರು ವಾರ್ಡಿನಲ್ಲಿ ಉಳಿಯುವಂತಿರಲಿಲ್ಲ. ಬಂದರೆ ಮಕ್ಕಳು ಅಳುತ್ತಾರೆ, ಬಾರದಿದ್ದರೆ ಸುಮ್ಮನಿರುತ್ತಾರೆ ಎಂಬುದೇ ಕಾರಣ. ರಾಬರ್ಟ್‌ಸನ್, ಅವರ ಜೊತೆ ಕೆಲಸ ಮಾಡಿದ ಜಾನ್ ಬೌಲ್ಬಿ ಎಂಬ ಮನೋವೈದ್ಯರು ತೋರಿಸಿಕೊಟ್ಟದ್ದು, ಆ ಸುಮ್ಮನಿರುವಿಕೆ ಸಮಾಧಾನವಲ್ಲ ಎಂದು. ಮಗು ಮೊದಲು ಅತ್ತು ಕೂಗುತ್ತದೆ. ಕೂಗಿಗೆ ಯಾರೂ ಬಾರದಿದ್ದಾಗ ಆಸೆ ಬಿಡುತ್ತದೆ. ಅದೂ ಬೆಳೆದರೆ ತಾಯಿಯಿಂದಲೇ ಮುಖ ತಿರುಗಿಸುತ್ತದೆ. ಸಿನಿಮಾ ನೋಡಿದ ಅನೇಕ ಡಾಕ್ಟರು ಮೊದಲಿಗೆ ಸಿಟ್ಟಿಗೆದ್ದರಂತೆ. 1959ರಲ್ಲಿ ಅಲ್ಲಿನ ಸರ್ಕಾರದ ಪ್ಲಾಟ್ ಸಮಿತಿ, ತಂದೆತಾಯಿ ಯಾವ ಹೊತ್ತಿಗಾದರೂ ಮಕ್ಕಳ ಹತ್ತಿರ ಹೋಗಲು ಬಿಡಬೇಕು ಎಂದು ಬರೆದುಕೊಟ್ಟಿತು.

ಆಸ್ಪತ್ರೆ ಬೇರೆ, ಶಾಲೆ ಬೇರೆ, ನನಗೆ ಗೊತ್ತು. ಸಂಜೆಯಾದರೆ ಮಗ ಮನೆಗೆ ಬರುತ್ತಾನೆ. ಆದರೂ ಅವಳು ಹೇಳುತ್ತಿದ್ದ ಒಂದೊಂದು ಮಾತೂ ಮಂಚದ ಮೇಲೆ ಗೋಡೆ ನೋಡುತ್ತ ಮಲಗಿದ್ದ ನನ್ನ ಮಗನಿಗೆ ಒಪ್ಪುತ್ತಿತ್ತು. ಅವನು ಹೊಂದಿಕೊಂಡಿರಲಿಲ್ಲ, ಕೈಬಿಟ್ಟಿದ್ದ.

ಅದೇ ಜುಲೈ ತಿಂಗಳ ಒಂದು ಮಧ್ಯಾಹ್ನ ಹೊಲದಲ್ಲಿದ್ದೆ. ಹುಡುಗನೊಬ್ಬ ಬದುವಿನ ಮೇಲೆ ಓಡಿ ಬಂದು, ಮಗ ಶಾಲೆಯಲ್ಲಿಲ್ಲ ಅಂದ. ಕುರ್ಚಿಗಿ ಎಲ್ಲಿ ಬಿಸಾಕಿದೆನೋ ತಿಳಿಯದು. ಅಕ್ಕೋರು ಕಣ್ಣೀರು ಹಾಕುತ್ತ ಓಣಿ ಓಣಿ ಹುಡುಕುತ್ತಿದ್ದರು. ಅವರಪ್ಪ ಬಾವಿಗಳ ಕಡೆ ಹೋದ. ಅವನು ಬಾವಿಗಳ ಕಡೆ ಯಾಕೆ ಹೋದ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಸ್ ನಿಲ್ಲುವಲ್ಲಿ ಕೇಳಿದೆವು, ಬಸವಣ್ಣನ ಗುಡಿಯ ಸುತ್ತ ನೋಡಿದೆವು, ಹಳ್ಳದ ಗುಂಟ ಕೂಗಿದೆವು. ಕೊನೆಗೆ ಸಿಕ್ಕಿದ್ದು ನಮ್ಮದೇ ಕಣದಲ್ಲಿ. ಎರಡು ಬಣವೆಗಳ ನಡುವಿನ ಸಂದಿಯಲ್ಲಿ, ಮೈಮೇಲೆ ಕಣಿಕೆ ಎಳೆದುಕೊಂಡು ಕೂತಿದ್ದ. ಚಡ್ಡಿ ಒದ್ದೆಯಾಗಿತ್ತು. ನಾನು ಹೊರಗೆಳೆದುಕೊಂಡಾಗ ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದ. ‘ಬಿಳಿ ಅರಿವಿಯವರು ಹೋದ್ರೇನು?’ ಅಂದ.

ಆವತ್ತು ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಯ ತಂಡ ಬಂದಿತ್ತು. ಕಣ್ಣು, ಹಲ್ಲು, ತೂಕ ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು. ಒಳ್ಳೆಯ ಕೆಲಸಕ್ಕೆ ಬಂದವರು, ಬಿಳಿ ಕೋಟು ಹಾಕಿಕೊಂಡಿದ್ದರು, ಗೇಟಿನ ಮುಂದೆ ಗಾಡಿ ನಿಂತಿತ್ತು. ಒಂದು ವರ್ಷದ ಹಿಂದೆ ಹಾಗೇ ನಮ್ಮ ಬಾಗಿಲಿಗೆ 108ರ ಗಾಡಿ ಬಂದಿತ್ತು. ಮೈತುಂಬ ಬಿಳಿ ಉಡುಪು ತೊಟ್ಟ ಇಬ್ಬರು ಇಳಿದಿದ್ದರು. ಆಯಿ ಗಾಡಿ ಹತ್ತುವಾಗ ಇವನಿಗೆ ‘ಈಗ ಬರ್ತೇನಿ, ಯಪ್ಪಾ, ಅವ್ವನ ಕೂಡ ಇರು’ ಅಂದಿದ್ದಳು. ಆಕೆಯ ದೇಹವನ್ನೂ ಮನೆಗೆ ತರಲು ಬಿಡಲಿಲ್ಲ, ಗದಗದಲ್ಲೇ ಎಲ್ಲ ಮುಗಿಯಿತು. ಮಣ್ಣು ಕೊಡಲಿಲ್ಲ, ಮನೆಯ ಮುಂದೆ ಮಂದಿ ಕೂಡಲಿಲ್ಲ, ಅಳುವುದನ್ನೂ ಅವನು ಕಾಣಲಿಲ್ಲ. ಆಯಿ ಎಲ್ಲಿ ಎಂದು ಕೇಳಿದಾಗಲೆಲ್ಲ, ಹಿರಿಯರು ಹೇಳಿದಂತೆ, ಊರಿಗೆ ಹೋಗ್ಯಾಳ, ಬರ್ತಾಳ ಎಂದೇ ಎಲ್ಲರೂ ಹೇಳಿದ್ದು.

ಒಂದು ವರ್ಷ ಅವನು ಕಾದಿದ್ದ. ಆಮೇಲೆ ಅದೇ ‘ಈಗ ಬರ್ತೇನಿ’ಯನ್ನು ನಾನೂ ಶಾಲೆಯ ಗೇಟಿನಲ್ಲಿ ದಿನಾ ಹೇಳುತ್ತಿದ್ದೆ.

ಆ ರಾತ್ರಿ ಅವರಪ್ಪ ಅವನನ್ನು ಎದೆಯ ಮೇಲೆ ಮಲಗಿಸಿಕೊಂಡು ಹೇಳಿದ. ಆಯಿಗೆ ಭಾಳ ಜಡ್ಡಾಗಿತ್ತು. ದವಾಖಾನ್ಯಾಗ ತೀರಿಕೊಂಡ್ಲು. ಆಕಿ ಬರೂದಿಲ್ಲ. ಆಕಿಗೆ ಬರಬೇಕಂತ ಇತ್ತು, ಬರಾಕ ಆಗಲಿಲ್ಲ. ಇಷ್ಟನ್ನು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಮಗ ಅಳಲಿಲ್ಲ. ಪ್ರಶ್ನೆ ಕೇಳಿದ. ಆಕಿಗೆ ಅಲ್ಲಿ ಹಸಿವು ಆಗೂದಿಲ್ಲೇನು? ಬಿಳಿ ಅರಿವಿಯವರು ಬಡದ್ರೇನು? ಸಾಲಿಗೆ ಹೋದವರೂ ತೀರಿಕೊಂತಾರೇನು? ಒಂದೊಂದಕ್ಕೂ ಗೊತ್ತಿದ್ದಷ್ಟು ಖರೇ ಹೇಳಿದೆವು. ಮರುದಿನ ಮತ್ತೆ ಅವೇ ಪ್ರಶ್ನೆ, ಮರುವಾರ ಮತ್ತೆ ಅವೇ. ಮೂರನೇ ಪ್ರಶ್ನೆಗೆ ಉತ್ತರವೆಂದು ಅವರಪ್ಪ ಸಂಜೆ ಮನೆಗೆ ಹೋಗುವ ಮಕ್ಕಳನ್ನು ಕಟ್ಟೆಯ ಮೇಲೆ ಕೂತು ಅವನ ಕೈಯಿಂದಲೇ ಎಣಿಕೆ ಮಾಡಿಸಿದ. ಬೆಳಿಗ್ಗೆ ಹೋದವರೆಲ್ಲ ಬಂದರೋ ಇಲ್ಲವೋ, ನೀನೇ ನೋಡು ಎಂದು.

ಅಕ್ಕೋರಿಗೂ ಎಲ್ಲ ಹೇಳಿದೆ. ಅವರು ವಯಸ್ಸಾದವರು, ಎಷ್ಟೋ ವರ್ಷ ನಲಿ-ಕಲಿ ತರಗತಿ ನಡೆಸಿದವರು. ಕೇಳಿಸಿಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: ‘ತಂಗೀ, ಇನ್ನ ಮ್ಯಾಲೆ ಈಗ ಬರ್ತೇನಿ ಅನಬ್ಯಾಡ. ಅವಗ ಗಡಿಯಾರ ತಿಳಿಯೂದಿಲ್ಲ. ಹಾಲು ಕುಡದ ಮ್ಯಾಲೆ ಬರ್ತೇನಿ ಅನ್ನು. ಅಂದ್ರ ಅಷ್ಟೊತ್ತಿಗೆ ಬಂದು ನಿಂದರಬೇಕು. ಒಂದ ದಿನಾನೂ ತಪ್ಪಬಾರದು.’

ಶಾಲೆಯಲ್ಲಿ ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕೊಡುತ್ತಾರೆ, 2013ರಿಂದ ಇದೆ. ಮೊದಲು ಹಾಲಿನ ತನಕ ಅವನು ಒಳಗೆ, ನಾನು ವರಾಂಡದ ಕಟ್ಟೆಯ ಮೇಲೆ, ಅವನ ಕಣ್ಣಿಗೆ ಬೀಳುವಂತೆ. ಹಾಲು ಕುಡಿದು ಮೀಸೆ ಒರೆಸಿಕೊಳ್ಳದೆ ಓಡಿ ಬಂದು ನನ್ನನ್ನು ಮುಟ್ಟಿ ಹೋಗುತ್ತಿದ್ದ. ಕೆಲವು ದಿನದ ಮೇಲೆ ನಾನು ಗೇಟಿನ ಹೊರಗಿನ ಗಿಡದ ಕೆಳಗೆ. ಹಾಲಿನ ಹೊತ್ತಿಗೆ ಒಳಗೆ ಬಂದು ಮುಖ ತೋರಿಸುವುದು. ಆಮೇಲೆ ಹಾಲು ದಾಟಿ ಬಿಸಿಯೂಟದ ತನಕ: ಉಂಡ ಮ್ಯಾಲೆ ಬರ್ತೇನಿ. ನಮ್ಮ ರಾಜ್ಯದಲ್ಲಿ ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದು ಮಕ್ಕಳ ಹೊಟ್ಟೆಗಾಗಿ. ನಮ್ಮ ಪಾಲಿಗೆ ಅದು ಗಡಿಯಾರವೂ ಆಯಿತು. ಹೊರಡುವಾಗ ಅವನ ಮುಂದೆಯೇ, ಹೋಗಿ ಬರ್ತೇನಿ ಎಂದು ಹೇಳಿಯೇ ಹೊರಡಬೇಕು ಎಂಬುದು ಅಕ್ಕೋರ ಇನ್ನೊಂದು ಕಟ್ಟಪ್ಪಣೆ. ಅತ್ತರೂ ಸರಿ. ‘ಹೇಳಿ ಹೋದಾಗ ಅಳತಾನ, ಹೇಳದ ಹೋದ್ರ ಹೆದರತಾನ. ಅಳು ತಡಕೋಬಹುದು’ ಅಂದರು.

ಆದರೆ ಕೂಲಿ? ಅದು ಕಳೆಯ ಕಾಲ. ಗೇಟಿನ ಹೊರಗೆ ಕೂತವಳ ಹೊಲ ಯಾರು ನೋಡಬೇಕು? ನನ್ನ ಹಾಗೇ ಇನ್ನೂ ಮೂರ್ನಾಲ್ಕು ತಾಯಂದಿರು ಅಳುವ ಮಕ್ಕಳನ್ನು ಇಟ್ಟುಕೊಂಡು ಒದ್ದಾಡುತ್ತಿದ್ದರು. ನಮ್ಮ ಕಡೆ ಮುಯ್ಯಾಳು ಹೊಸದಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಸೀಮೆ ಇದು. ನಾವು ಮಕ್ಕಳ ಅಳುವಿಗೂ ಮುಯ್ಯಾಳು ಮಾಡಿಕೊಂಡೆವು. ಒಬ್ಬಳು ಶಾಲೆಯ ಹತ್ತಿರ ಕೂರುವುದು, ಉಳಿದವರು ಅವಳ ಸಾಲಿನ ಕಳೆಯನ್ನೂ ತೆಗೆಯುವುದು. ಕೂತವಳು ಎಲ್ಲರ ಮಕ್ಕಳಿಗೂ ಮುಖ ತೋರಿಸುವುದು. ‘ನಿಮ್ಮವ್ವ ಹೊಲದಾಗ ಅದಾಳ, ನಾ ನೋಡಿ ಬಂದೇನಿ, ಉಂಡ ಮ್ಯಾಲೆ ಬರ್ತಾಳ’ ಎಂದು ಕಂಡವಳು ಹೇಳಿದರೆ ಮಕ್ಕಳು ನಂಬುತ್ತಿದ್ದರು. ಊಟದ ಗಂಟೆಯ ಹೊತ್ತಿಗೆ ಹೊಲದಿಂದ ಓಡೋಡಿ ಬರುವಾಗ ಎರಿ ಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಕಿತ್ತಿಡಲಾಗುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬಂದಿದ್ದೇವೆ.

ಮೂತ್ರದ ಕೋಣೆಯ ಹೆದರಿಕೆಯನ್ನು ಬಿಡಿಸಿದವಳು 5ನೇತ್ತೆಯ ಒಬ್ಬ ಹುಡುಗಿ. ಅಕ್ಕೋರು ಅವಳನ್ನು ನನ್ನ ಮಗನಿಗೆ ಜೊತೆ ಮಾಡಿದರು. ಚಿಲಕ ಹಾಕಬೇಡ, ನಾನು ಹೊರಗೆ ಬಾಗಿಲು ಹಿಡಿದುಕೊಂಡಿರುತ್ತೇನೆ, ಆಗುವ ತನಕ ಹಾಡು ಹೇಳುತ್ತಿರುತ್ತೇನೆ, ಹಾಡು ಕೇಳಿಸಿದರೆ ನಾನು ಇದ್ದೇನೆ ಎಂದು ತಿಳಿ ಅಂದಳಂತೆ. ಅವ್ವಾ ಅದಿಯೇನು ಎಂದು ಬಚ್ಚಲ ಬಾಗಿಲಲ್ಲಿ ಕೂತು ಕೇಳುತ್ತಿದ್ದವನಿಗೆ ಬೇಕಾಗಿದ್ದದ್ದು ಅದೇ. ಹತ್ತು ವರ್ಷದ ಹುಡುಗಿಗೆ ಅದು ಹೇಗೆ ಹೊಳೆಯಿತೋ. ಅವನು ಮತ್ತೆ ನೀರು ಕುಡಿಯತೊಡಗಿದ.

ಇನ್ನು ತಾಟಿನ ವಿಷಯ. ಬಿಸಿಯೂಟಕ್ಕೆ ಮಕ್ಕಳು ಮನೆಯಿಂದ ತಾಟು ಒಯ್ಯುತ್ತಿದ್ದರು. ಅವನು ಬೇರೆ ಯಾವುದನ್ನೂ ಒಲ್ಲೆ ಎಂದು ಆಯಿ ಉಣ್ಣುತ್ತಿದ್ದ ಸ್ಟೀಲ್ ತಾಟನ್ನೇ ಪಾಟಿಚೀಲಕ್ಕೆ ತುರುಕಿಕೊಂಡ. ದೊಡ್ಡ ತಾಟು, ಚೀಲದಿಂದ ಅರ್ಧ ಹೊರಗೇ ಇರುತ್ತಿತ್ತು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಆಕೆಯ ಹೆಸರು ಕೊರೆಸಿತ್ತು, ಮದುವೆಯಲ್ಲಿ ತವರಿನವರು ಕೊಟ್ಟದ್ದು. ನಲಿ-ಕಲಿಯಲ್ಲಿ ಅಕ್ಷರಗಳನ್ನು ಅ, ಆ ಎಂದು ಸಾಲಾಗಿ ಕಲಿಸುವುದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಕಟ್ಟಿದ ಪದ್ಧತಿ ಅದು. ಬರೆಯಲು ಸುಲಭವಾದ ಅಕ್ಷರ ಮೊದಲು: ರ, ಗ, ಸ, ದ, ಅ. ಮಗು ತನ್ನ ಮೆಟ್ಟಿಲನ್ನು ತಾನು ಮುಗಿಸಿದ ಮೇಲೆ ಮುಂದಿನದಕ್ಕೆ ಹೋಗುತ್ತದೆ, ಹಿಂದೆ ಬಿದ್ದೆ ಎಂಬ ಅವಮಾನವಿಲ್ಲ. ತಿಂಗಳುಗಟ್ಟಲೆ ಅತ್ತು ಕಳೆದ ನನ್ನ ಮಗನಿಗೆ ಅದೊಂದು ದೊಡ್ಡ ಆಸರೆಯಾಯಿತು. ಒಂದು ದಿನ ಊಟ ಮಾಡುತ್ತ ಮಾಡುತ್ತ ಅನ್ನವನ್ನು ಪಕ್ಕಕ್ಕೆ ಸರಿಸಿ ಅಂಚಿನ ಮೇಲೆ ಬೆರಳಿಟ್ಟು, ‘ಅಕ್ಕೋರ, ಇಲ್ಲಿ ಗ ಐತಿ’ ಅಂದನಂತೆ. ಆಯಿಯ ಹೆಸರಿನ ಮೊದಲ ಅಕ್ಷರ ಗ. ಶಾಲೆಯಲ್ಲಿ ಅವನು ಕೇಳದೆ ಆಡಿದ ಮೊದಲ ಮಾತು ಅದು ಎಂದು ಅಕ್ಕೋರು ಹೇಳಿದರು.

ಅಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಗರ ಪಂಚಮಿಗೆ ಜೋಕಾಲಿ ಜೀಕಿ, ಉಂಡಿ ತಿಂದು, ತವರಿನಲ್ಲಿ ನಾಲ್ಕು ದಿನ ನನ್ನ ಜೊತೆ ಇದ್ದು ಬಂದವನು ಮರುದಿನ ಮತ್ತೆ ನಿರಿಗೆ ಹಿಡಿದ. ಹೆಸರು ಬಿಡಿಸುವಾಗ ಮಳೆ ಹಿಡಿದು ನಾನು ಊಟದ ಗಂಟೆಗೆ ತಡವಾಗಿ ತಲುಪಿದ ದಿನ ಎರಡು ಹೆಜ್ಜೆ ಹಿಂದೆ ಹೋದ. ದಸರಾ ರಜೆಯ ಮೇಲೆ ಮತ್ತೆ ಹೊಟ್ಟೆನೋವು. ಪ್ರತಿ ಸಲವೂ ಹಾಲಿನಿಂದ ಶುರುಮಾಡಿ ಊಟಕ್ಕೆ, ಊಟದಿಂದ ಸಂಜೆಯ ಗಂಟೆಗೆ ಬರಬೇಕಾಯಿತು. ಪ್ರತಿ ಸಲ ಮೊದಲಿಗಿಂತ ಬೇಗ ಬಂದ. ದೀಪಾವಳಿ ದಾಟಿದ ಮೇಲೆ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಅವನೇ, ‘ನೀ ಹೋಗು, ಹತ್ತಿ ಬಿಡಸೂದೈತಿ’ ಅಂದ.

2025ರ ಜೂನಿನಲ್ಲಿ ಅವನ ತಂಗಿಯನ್ನು ಶಾಲೆಗೆ ಸೇರಿಸಿದೆವು. ಒಂದನೇತ್ತೆಗೆ ಆರು ವರ್ಷ ತುಂಬಿರಲೇಬೇಕು ಎಂಬ ನಿಯಮ ಆ ವರ್ಷ ಬರಬೇಕಿತ್ತು; ಪೋಷಕರ ಗಲಾಟೆಯ ಮೇಲೆ ಅದೊಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಇಳಿಸಿದರು. ಒಂದು ವರ್ಷ ಉಳಿಯಿತು ಎಂದು ಖುಷಿಪಟ್ಟವರು ಬಹಳ. ನನ್ನ ಮಗಳಿಗೆ ಆರು ತುಂಬಿತ್ತು, ತುಂಬಿದ್ದಕ್ಕೆ ನನಗೆ ಸಮಾಧಾನ. ಅಂಗನವಾಡಿಯೂ ಅವಳಿಗೆ ತಪ್ಪಿರಲಿಲ್ಲ. ಎರಡು ದಿನ ಮುಖ ಸಣ್ಣದು ಮಾಡಿದಳು, ಮೂರನೇ ದಿನ ಗೆಳತಿಯ ಕೈ ಹಿಡಿದು ಓಡಿದಳು. ಆದರೂ ಮುಯ್ಯಾಳು ಬಿಡಲಿಲ್ಲ. ಶಾಲೆ ಶುರುವಾಗುವ ಮೊದಲೇ ಆ ವರ್ಷದ ಹೊಸ ತಾಯಂದಿರನ್ನು ಕೂಡಿಸಿ ಸರದಿ ಹಚ್ಚಿದೆವು. ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯವರಿಗೆ ಹೇಳಿ ಸಣ್ಣ ಮಕ್ಕಳ ಮೂತ್ರದ ಕೋಣೆಯ ಚಿಲಕವನ್ನು ಕೆಳಗೆ ಹಾಕಿಸಿದೆವು, ಒಂದು ತಾಸಿನ ಕೆಲಸ.

ಆ ಸಲ ಬಹಳ ಅತ್ತವನು ಒಬ್ಬ ಹುಡುಗ. ಅವನ ತಾಯಿತಂದೆ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ, ಅಜ್ಜಿ ನೋಡಿಕೊಳ್ಳುತ್ತಾಳೆ. ಅಳು ನಿಲ್ಲಿಸಲೆಂದು ಅಜ್ಜಿ ದಿನಾ, ಉಂಡ ಮ್ಯಾಲೆ ನಿಮ್ಮವ್ವ ಬರ್ತಾಳ ಅನ್ನುತ್ತಿದ್ದಳು. ಸರದಿಯಲ್ಲಿ ಕೂತಿದ್ದ ನಾನು ಆಕೆಯನ್ನು ಪಕ್ಕಕ್ಕೆ ಕರೆದು ಹೇಳಿದೆ: ‘ಆಯೀ, ಅವ್ವ ಪಂಚಮಿಗೆ ಬರ್ತಾಳಂತ ಹೇಳ್ರಿ. ಉಂಡ ಮ್ಯಾಲೆ ನಾ ಬರ್ತೇನಿ ಅನ್ರಿ. ನಿಮ್ಮ ಕೈಲೆ ಆಗೂದನ್ನಷ್ಟ ಹೇಳ್ರಿ.’ ಆಕೆ ಒಪ್ಪಿದಳು. ಅವತ್ತು ಹುಡುಗ ಇನ್ನೂ ಜೋರಾಗಿ ಅತ್ತ. ಊಟದ ಗಂಟೆಗೆ ಅಜ್ಜಿ ಕೋಲೂರಿಕೊಂಡು ಬಂದು ನಿಂತಳು, ಮರುದಿನವೂ ಬಂದಳು, ಅಕ್ಕೋರು ತಮ್ಮ ಫೋನಿನಿಂದ ಗೋವಾಕ್ಕೆ ಹಚ್ಚಿ ಅವ್ವನ ಕೂಡ ಮಾತಾಡಿಸಿದರು.